ಬಿಸಿಯಾದ ಮೇಲೆ ಬಂದ್ ಬೀಳುವ ಪಿಕಪ್: ಇಸಿಯು ಹೋಗಿದೆಯಾ, ರಿಲೇ ಸರ್ಕ್ಯೂಟ್ ಕೆಟ್ಟಿದೆಯಾ?

ಪ್ರಶ್ನೆ (ಇಂಡಿಯ ಪಿಕಪ್ ಮಾಲೀಕ):

ನಮಸ್ಕಾರ ಅಣ್ಣಾರೆ. ನನ್ನದು ಡೀಸೆಲ್ ಪಿಕಪ್, ಕಾಮನ್ ರೈಲ್ ಇಂಜಿನ್. ಇಂಡಿಯಿಂದ ವಿಜಯಪುರದ ಎಪಿಎಂಸಿಗೆ ಲಿಂಬೆಹಣ್ಣು ಹೊಡೆಯುತ್ತೇನೆ. ಬೆಳಿಗ್ಗೆ ಲೋಡ್ ಹಾಕಿಕೊಂಡು ಹೋಗುವಾಗ ಏನೂ ತೊಂದರೆ ಇಲ್ಲ. ಮಧ್ಯಾಹ್ನ ಖಾಲಿ ಗಾಡಿ ತರುವಾಗ ಇದ್ದಕ್ಕಿದ್ದ ಹಾಗೆ ಬಂದ್ ಬೀಳುತ್ತದೆ. ಜರ್ಕ್ ಇಲ್ಲ, ಹೊಗೆ ಇಲ್ಲ, ಯಾರೋ ಸ್ವಿಚ್ ಆಫ್ ಮಾಡಿದ ಹಾಗೆ. ಬಾನೆಟ್ ಎತ್ತಿ ಬೇವಿನ ಗಿಡದ ಕೆಳಗೆ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಚಾಲೂ ಆಗುತ್ತದೆ. ಒಬ್ಬ ಮಿಸ್ತ್ರಿ ಕ್ರ್ಯಾಂಕ್ ಸೆನ್ಸರ್ (ಇಂಜಿನ್ ತಿರುಗುವುದನ್ನು ಅಳೆಯುವ ಸೆನ್ಸರ್) ಬದಲಿಸಿದರು. ಇನ್ನೊಬ್ಬರು ಇಂಜಿನ್ ರಿಲೇ (ಕರೆಂಟ್‌ನಿಂದಲೇ ಆನ್-ಆಫ್ ಆಗುವ ಸ್ವಿಚ್) ಹೊಸದು ಹಾಕಿದರು. ಆದರೂ ಅದೇ ಹಾಡು. ಈಗ ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಹೋಗಿದೆ ಅನ್ನುತ್ತಿದ್ದಾರೆ. ಅಷ್ಟು ದುಡ್ಡು ಸುರಿಯುವ ಮುಂಚೆ ನಿಮ್ಮನ್ನು ಕೇಳೋಣ ಅಂತ.

ಉತ್ತರ (ಆಟೋ ಎಲೆಕ್ಟ್ರಿಷಿಯನ್, ವಿಜಯಪುರ):

ಇಸಿಯು ವಿಷಯ ಸದ್ಯಕ್ಕೆ ಬಿಡಿ. ಮೊದಲು ಎರಡು ಮಾತು ಹೇಳಿ. ಗಾಡಿ ಬಂದ್ ಬಿದ್ದು ನಿಂತಿರುವಾಗಲೇ ಕೀ ಆನ್ ಮಾಡಿದರೆ ಮೀಟರ್ ಬೋರ್ಡಿನಲ್ಲಿ ಇಂಜಿನ್ ಚೆಕ್ ದೀಪ ಹತ್ತುತ್ತದೆಯಾ? ಆಗ ಸೆಲ್ಫ್ ಹೊಡೆದರೆ ಇಂಜಿನ್ ಜೋರಾಗಿ ತಿರುಗುತ್ತದೆಯಾ? ಗಾಡಿ ತಣ್ಣಗಾದ ಮೇಲೆ ನೋಡಿದ್ದು ಲೆಕ್ಕಕ್ಕಿಲ್ಲ. ಫಾಲ್ಟ್ ಇರುವಾಗಲೇ ನೋಡಬೇಕು. ಯಾರಾದರೂ ಸ್ಕ್ಯಾನರ್ (ಇಸಿಯುನಿಂದ ಫಾಲ್ಟ್ ಕೋಡ್ ಓದುವ ಯಂತ್ರ) ಹಾಕಿದ್ದರೆ ಆಗ ಏನು ಬಂತು ಅದನ್ನೂ ಹೇಳಿ.

ಪ್ರಶ್ನೆ ಕೇಳಿದವರು:

ಸೆಲ್ಫ್ ಜೋರಾಗಿಯೇ ಹೊಡೆಯುತ್ತದೆ. ಬ್ಯಾಟರಿ ದೀಪ, ಆಯಿಲ್ ದೀಪ ಹತ್ತುತ್ತವೆ. ಇಂಜಿನ್ ಚೆಕ್ ದೀಪ ಮಾತ್ರ ಹತ್ತುವುದಿಲ್ಲ. ಇದನ್ನು ನೀವು ಕೇಳಿದ ಮೇಲೆಯೇ ಗಮನಿಸಿದೆ. ನಿನ್ನೆ ದಾರಿಯಲ್ಲಿ ನಿಂತಾಗ ಗೆಳೆಯನ ಹತ್ತಿರ ಇದ್ದ ಸ್ಕ್ಯಾನರ್ ಹಚ್ಚಿದೆವು, ಇಂಜಿನ್ ಜೊತೆ ಕನೆಕ್ಟ್ ಆಗಲಿಲ್ಲ. ಗಾಡಿ ಚಾಲೂ ಆದ ಮೇಲೆ ಸರಿಯಾಗಿ ಕನೆಕ್ಟ್ ಆಯಿತು. ಪಿ0688 ಅಂತ ಒಂದು ಕೋಡ್ ತೋರಿಸಿತು.

ಉತ್ತರ:

ಒಳ್ಳೆ ಕೆಲಸ ಮಾಡಿದಿರಿ, ಅರ್ಧ ದಾರಿ ಮುಗಿಯಿತು.

ಕ್ರ್ಯಾಂಕ್ ಸೆನ್ಸರ್ ಬಿಸಿಯಾಗಿ ಸತ್ತರೂ ಗಾಡಿ ಹೀಗೇ ಬಂದ್ ಬೀಳುತ್ತದೆ, ತಣ್ಣಗಾದರೆ ಚಾಲೂ ಆಗುತ್ತದೆ. ಹಾಗಾಗಿ ಮೊದಲ ಮಿಸ್ತ್ರಿ ಅದರ ಮೇಲೆ ಅನುಮಾನ ಪಟ್ಟಿದ್ದು ಸಹಜ. ಆದರೆ ಸೆನ್ಸರ್ ಹೋಗಿದ್ದರೆ ಇಸಿಯು ಎಚ್ಚರ ಇರುತ್ತದೆ. ಚೆಕ್ ದೀಪ ಹತ್ತುತ್ತದೆ, ಸ್ಕ್ಯಾನರ್ ಮಾತಾಡುತ್ತದೆ, ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಸೊನ್ನೆ ತೋರಿಸುತ್ತದೆ. ನಿಮ್ಮ ಗಾಡಿಯಲ್ಲಿ ಇಸಿಯುವೇ ಮಲಗಿಬಿಡುತ್ತಿದೆ. ಪಿ0688 ಅಂದರೆ ಪವರ್ ರಿಲೇಯಿಂದ ತನಗೆ ಬರಬೇಕಾದ ಕರೆಂಟ್ ಸರಿಯಾಗಿ ಬರುತ್ತಿಲ್ಲ ಎಂದು ಇಸಿಯು ತಾನೇ ಹೇಳುತ್ತಿದೆ. ಊಟ ಸಿಗುತ್ತಿಲ್ಲ ಎಂದವನಿಗೆ ಆಪರೇಶನ್ ಮಾಡಿಸಲು ಹೊರಟಿದ್ದಾರೆ ನಿಮ್ಮ ಮಿಸ್ತ್ರಿ.

ಒಂದು ಎಚ್ಚರಿಕೆ. ಕೆಲವು ಹೊಸ ಗಾಡಿಗಳಲ್ಲಿ ಇಸಿಯು ಸುದ್ದಿ ನಿಂತರೆ ಮೀಟರ್ ಬೋರ್ಡೇ ತಾನಾಗಿ ಚೆಕ್ ದೀಪ ಹಚ್ಚುತ್ತದೆ. ಅಂಥ ಗಾಡಿಯಲ್ಲಿ ದೀಪ ನಂಬಬೇಡಿ, ಸ್ಕ್ಯಾನರ್ ನೋಡಿ.

ಈಗ ರಿಲೇ ಕಥೆ. ಮಾಮೂಲಿ ರಿಲೇಗೆ ನಾಲ್ಕು ಕಾಲು, ಒಂದೊಂದಕ್ಕೂ ಒಂದು ನಂಬರ್. 30ಕ್ಕೆ ಬ್ಯಾಟರಿಯಿಂದ ಫ್ಯೂಜ್ ಮೂಲಕ ಕರೆಂಟ್ ಬಂದು ನಿಂತಿರುತ್ತದೆ. 87ರಿಂದ ಅದು ಇಸಿಯುಗೆ, ಸೆನ್ಸರ್‌ಗಳಿಗೆ ಹೋಗುತ್ತದೆ. 85 ಮತ್ತು 86 ಒಳಗಿನ ಕಾಯಿಲ್‌ನ ಎರಡು ತುದಿ. ಕಾಯಿಲ್‌ಗೆ ಕರೆಂಟ್ ಬಂದರೆ 30 ಮತ್ತು 87 ಒಳಗೇ ಕೂಡುತ್ತವೆ. ಹಳೆಯ ಗಾಡಿಗಳಲ್ಲಿ ಕೀ ಆನ್ ಮಾಡಿದರೆ ಕಾಯಿಲ್‌ಗೆ 12 ವೋಲ್ಟ್ ಬಂದು ಬಾಡಿ ಅರ್ತ್‌ಗೆ ಸೇರುತ್ತಿತ್ತು. ನಿಮ್ಮಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಕಾಯಿಲ್‌ನ ಅರ್ತ್ ಅನ್ನು ಇಸಿಯುವೇ ಕೊಡುತ್ತದೆ. ಕೀ ಆನ್ ಆದ ಸುದ್ದಿ ಬೇರೆ ವೈರಿನಲ್ಲಿ ಬರುತ್ತದೆ, ಆಗ ಇಸಿಯು ರಿಲೇಯನ್ನು ಎಳೆದು ತನ್ನ ಮೇನ್ ಪವರ್ ತಾನೇ ತೆಗೆದುಕೊಳ್ಳುತ್ತದೆ. ಕೀ ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ರಿಲೇ ಹಿಡಿದುಕೊಂಡು ಆಮೇಲೆ ಬಿಡುತ್ತದೆ. ಬಾನೆಟ್ ಒಳಗೆ ತಡವಾಗಿ ಟಕ್ ಅನ್ನುವುದು ಅದೇ.

ಅಂದಹಾಗೆ, ಆ ಟಕ್ ಸದ್ದು ಕೇಳಿ ‘ರಿಲೇ ಓಕೆ’ ಅನ್ನುವವರು ಜಾಸ್ತಿ. ಟಕ್ ಅಂದರೆ ಕಾಯಿಲ್ ಕೆಲಸ ಮಾಡಿತು ಅಂತ, ಅಷ್ಟೇ. 30ರಿಂದ 87ಕ್ಕೆ ಕರೆಂಟ್ ದಾಟಿತು ಎಂದು ಅದು ಹೇಳುವುದಿಲ್ಲ.

ಇನ್ನೊಂದು ಮೋಸ ವೋಲ್ಟ್ ಅಳೆಯುವ ಮಲ್ಟಿಮೀಟರ್‌ನದ್ದು. ರಿಲೇ ಕಿತ್ತು, ಸಾಕೆಟ್‌ಗೆ ಮೀಟರ್ ಹಿಡಿದು, 12 ವೋಲ್ಟ್ ಬಂತು ನೋಡು ಅನ್ನುತ್ತಾರೆ. ವೈರಿನ ಎಲ್ಲ ಎಳೆ ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಮೀಟರ್ 12 ತೋರಿಸುತ್ತದೆ. ಯಾಕೆಂದರೆ ಮೀಟರ್ ಕರೆಂಟ್ ಎಳೆಯುವುದೇ ಇಲ್ಲ ಅನ್ನಬಹುದು. ಲೋಡ್ ಇರುವಾಗ ಎಲ್ಲಿ ಎಷ್ಟು ವೋಲ್ಟ್ ಬೀಳುತ್ತದೆ ಎಂದು ನೋಡಿ. ನೀವು ಹೀಗೆ ಮಾಡಿ.

ರಿಲೇ ಅದರ ಜಾಗದಲ್ಲೇ ಇರಲಿ. ರಿಲೇ ಕೂತಿರುವ ಫ್ಯೂಜ್ ಬಾಕ್ಸ್ ಬಿಚ್ಚಿ ಮಗುಚಿ, ಕೆಳಗಡೆ ವೈರ್ ಬರುವ ಕಡೆಯಿಂದ ತೆಳ್ಳಗಿನ ಪಿನ್ ತೂರಿಸಿ. ಮೇಲಿಂದ ಸಾಕೆಟ್‌ಗೆ ದಪ್ಪ ಪ್ರೋಬ್ ಚುಚ್ಚಬೇಡಿ, ಒಳಗಿನ ಕ್ಲಿಪ್ ಅಗಲವಾಗಿ ಹೊಸ ಫಾಲ್ಟ್ ಹುಟ್ಟುತ್ತದೆ. ವೈರಿನ ರಬ್ಬರ್‌ಗೂ ಚುಚ್ಚಬೇಡಿ, ಮಳೆಗಾಲದಲ್ಲಿ ಅಲ್ಲಿಂದಲೇ ನೀರು ಇಳಿದು ತಾಮ್ರ ಹಸಿರಾಗುತ್ತದೆ. ಇಂಜಿನ್ ಚಾಲೂ ಇಟ್ಟು, ಮೀಟರ್ ಅನ್ನು ಡಿಸಿ ವೋಲ್ಟ್‌ನಲ್ಲಿಡಿ. ಪಿನ್ ಮತ್ತು ಮೀಟರ್ ವೈರ್ ಫ್ಯಾನ್ ಬೆಲ್ಟ್‌ನಿಂದ ದೂರ ಇರಲಿ, ಬಾಡಿಗೆ ತಾಗದಿರಲಿ.

ಮೊದಲು ಬ್ಯಾಟರಿ ಪ್ಲಸ್ ಮತ್ತು 30ರ ವೈರ್ ನಡುವೆ ನೋಡಿ. ಆಮೇಲೆ 30ರ ವೈರ್ ಮತ್ತು 87ರ ವೈರ್ ನಡುವೆ. ಇದು 0.1, ಹೆಚ್ಚೆಂದರೆ 0.2 ವೋಲ್ಟ್ ಇರಬೇಕು. ಬ್ಯಾಟರಿ ಪ್ಲಸ್‌ನಿಂದ ಇಸಿಯು ಕನೆಕ್ಟರ್ ತನಕ ಒಟ್ಟು ಅರ್ಧ ವೋಲ್ಟ್ ದಾಟಬಾರದು. ಕೊನೆಗೆ ಬ್ಯಾಟರಿ ಮೈನಸ್ ಮತ್ತು ಇಸಿಯು ಅರ್ತ್ ಪಿನ್ ನಡುವೆ, ಅದು 0.1ರ ಆಸುಪಾಸು ಇರಲಿ. ತಣ್ಣಗಿರುವಾಗ ಒಮ್ಮೆ, ಬಿಸಿಯಾದ ಮೇಲೆ ಒಮ್ಮೆ ಬರೆದಿಟ್ಟುಕೊಳ್ಳಿ. ಬಿಸಿ ಇರುವಾಗ ಬಾಕ್ಸ್, ವೈರ್ ಗೊಂಚಲು ಎರಡನ್ನೂ ಮೆಲ್ಲಗೆ ಅಲುಗಾಡಿಸಿ. ಯಾವ ಜಾಗದಲ್ಲಿ ರೀಡಿಂಗ್ ಏರಿತೋ ಅಲ್ಲೇ ಕಳ್ಳ ಇದ್ದಾನೆ.

ಕಾಯಿಲ್ ಕಡೆಯೂ ಮರೆಯಬೇಡಿ. 85 ಮತ್ತು 86ರ ನಡುವೆ ಹೆಚ್ಚುಕಡಿಮೆ ಬ್ಯಾಟರಿ ವೋಲ್ಟೇಜ್ ಇರಬೇಕು. ಗಾಡಿ ಬಂದ್ ಬಿದ್ದಾಗ ಅಲ್ಲಿ ವೋಲ್ಟ್ ಇದ್ದು 87 ಸತ್ತಿದ್ದರೆ ತಪ್ಪು 30–87ರ ದಾರಿಯಲ್ಲಿದೆ. ಅಲ್ಲಿಯೂ ಇಲ್ಲದಿದ್ದರೆ ಇಗ್ನಿಷನ್ ಸ್ವಿಚ್, ಕೀ ಸಿಗ್ನಲ್ ವೈರ್, ಇಸಿಯು ಅರ್ತ್ ಕಡೆ ಹೋಗಬೇಕು. ಇವೆಲ್ಲ ಸರಿ ಇದ್ದೂ ಇಸಿಯು ಏಳದಿದ್ದರೆ ಆಗ ಇಸಿಯು ಮಾತು. ಮತ್ತೆ, ಕೀ ಆನ್ ಇರುವಾಗ ಇಸಿಯು ಕನೆಕ್ಟರ್ ಎಳೆಯಬೇಡಿ.

ಜಮಖಂಡಿಯಿಂದ ಒಬ್ಬರು:

ಸರ್, ನಡುವೆ ಬಂದಿದ್ದಕ್ಕೆ ಕ್ಷಮಿಸಿ. ರಿಲೇ ತೆಗೆದು 30–87ಕ್ಕೆ ಒಂದು ವೈರ್ ತುಂಡು ಹಾಕಿದರೆ ಮುಗಿಯಿತಲ್ವಾ? ಕಬ್ಬಿನ ಸೀಜನ್‌ನಲ್ಲಿ ನಮ್ಮ ಕಡೆ ಎಲ್ಲ ಗಾಡಿಗಳಿಗೂ ಹೀಗೇ ಮಾಡುತ್ತಾರೆ.

ಉತ್ತರ:

ಟೆಸ್ಟ್ ಮಾಡಲು ಹಾಕಿ, ತಪ್ಪಿಲ್ಲ. ಅದಕ್ಕೂ ಫ್ಯೂಜ್ ಇರುವ ವೈರ್ ಇರಲಿ. ಓಡಿಸಲು ಬೇಡ ತಮ್ಮ. ಇಸಿಯುಗೆ ರಾತ್ರಿಯಿಡೀ ಕರೆಂಟ್ ಹೋಗುತ್ತಲೇ ಇರುತ್ತದೆ, ಬೆಳಿಗ್ಗೆ ಬ್ಯಾಟರಿ ಖಾಲಿ. ಇನ್ನೊಂದು, ಸಾಕೆಟ್ ಸಡಿಲವಿದ್ದರೆ ನಿನ್ನ ವೈರ್ ತುಂಡು ಕೂಡ ಅದೇ ಸಡಿಲ ಕ್ಲಿಪ್‌ನಲ್ಲೇ ಕೂರಬೇಕು. ಚಾಲೂ ಆದರೆ ‘ರಿಲೇ ಕೆಟ್ಟಿದೆ’ ಅಂತಲೂ ಇಲ್ಲ, ಆಗದಿದ್ದರೆ ‘ಚೆನ್ನಾಗಿದೆ’ ಅಂತಲೂ ಇಲ್ಲ.

ರಿಲೇ ಅದಲುಬದಲು ಮಾಡುವಾಗಲೂ ಬದಿಯ ಮೇಲಿನ ಚಿತ್ರ ಓದು. ನೋಡಲು ಒಂದೇ ಥರ ಇದ್ದರೂ ಕೆಲವದರಲ್ಲಿ 30 ಮತ್ತು 86ರ ಜಾಗ ಅದಲುಬದಲಾಗಿರುತ್ತದೆ. ಲಾರಿಯ 24 ವೋಲ್ಟ್ ರಿಲೇ ತಂದು ಪಿಕಪ್‌ಗೆ ಹಾಕಿದವರೂ ಇದ್ದಾರೆ. 12 ವೋಲ್ಟ್ ರಿಲೇಯ ಕಾಯಿಲ್ ಸಾಮಾನ್ಯವಾಗಿ 70ರಿಂದ 100 ಓಮ್ ಇರುತ್ತದೆ. 300ರ ಹತ್ತಿರ ತೋರಿಸಿದರೆ ಅದು 24ರದ್ದು. ಒಮ್ಮೆ ಹಿಡಿಯುತ್ತದೆ, ಒಮ್ಮೆ ಬಿಡುತ್ತದೆ.

ಬೆಳಗಾವಿಯಿಂದ ಒಬ್ಬರು:

ನನ್ನದು ಪೆಟ್ರೋಲ್ ಕಾರು. ಮಳೆಗಾಲದಲ್ಲಿ ಎರಡು ವಾರ ನಿಂತಿತ್ತು. ಈಗ ಸೆಲ್ಫ್ ಹೊಡೆಯುವಾಗ ಇಂಜಿನ್ ಚೆಕ್ ದೀಪ ಮಿನುಗಿ ಆರುತ್ತದೆ, ಸ್ಟಾರ್ಟ್ ಆಗುವುದಿಲ್ಲ. ತಳ್ಳಿದರೆ ಸ್ಟಾರ್ಟ್ ಆಗುತ್ತದೆ. ಇದೂ ರಿಲೇನಾ?

ಉತ್ತರ:

ರಿಲೇಗೆ ಹೋಗುವ ಮುಂಚೆ ಬ್ಯಾಟರಿ ನೋಡಿ. ಸುಮ್ಮನಿರುವಾಗ 12.6ರ ಹತ್ತಿರ ಇರಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಮೇಲೆ ಅನುಮಾನ ಪಡಿ. ಇನ್ನೂ ತುಂಬಾ ಕೆಳಗೆ ಬಿದ್ದರೆ ಇಸಿಯು ಎಚ್ಚರ ತಪ್ಪಬಹುದು, ರಿಲೇ ಕೂಡ ಕೈಬಿಡಬಹುದು. ಬ್ಯಾಟರಿ ಚೆನ್ನಾಗಿದ್ದರೆ ಬ್ಯಾಟರಿ ಮೈನಸ್ ತುದಿಗೂ ಇಂಜಿನ್ ಲೋಹಕ್ಕೂ ಮೀಟರ್ ಹಿಡಿದು ಸೆಲ್ಫ್ ಹೊಡೆಸಿ. 0.3 ದಾಟಿದರೆ ಅರ್ತ್ ಪಟ್ಟಿ ಬಿಚ್ಚಿ, ಉಜ್ಜಿ, ಬಿಗಿ ಮಾಡಿ. ಬೆಳಗಾವಿ ಮಳೆಯಲ್ಲಿ ಅರ್ತ್ ಬೋಲ್ಟ್ ಕಿಲುಬು ಹಿಡಿಯುವುದು ಮಾಮೂಲು.

ಪ್ರಶ್ನೆ ಕೇಳಿದವರು:

ಅಣ್ಣಾರೆ, ಸಿಕ್ಕಿತು! ತಣ್ಣಗಿರುವಾಗ 30 ಮತ್ತು 87ರ ನಡುವೆ 0.3 ಇತ್ತು. ಬಿಸಿಲಿನಲ್ಲಿ ಓಡಿಸಿ ಬಂದು ನೋಡಿದರೆ 2.4. ಬಾಕ್ಸ್ ಅಲುಗಾಡಿಸಿದ ಕೂಡಲೇ ರೀಡಿಂಗ್ ಜಿಗಿದು ಇಂಜಿನ್ ಬಂದ್. ರಿಲೇ ತೆಗೆದರೆ 30ರ ಕಾಲು ಕೂರುವ ಜಾಗದಲ್ಲಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆ. ಬೇರೆ ರಿಲೇಯ ಕಾಲನ್ನು ಅಲ್ಲಿ ಇಟ್ಟರೆ ಹಿಡಿತವೇ ಇಲ್ಲ, ತಾನಾಗಿ ಬೀಳುತ್ತದೆ. ಕ್ಲಿಪ್ ಅನ್ನು ಇಕ್ಕಳದಿಂದ ಒತ್ತಿ ಬಿಗಿ ಮಾಡಿದರೆ ಸಾಕಾ?

ಉತ್ತರ:

ಊರಿಗೆ ಮುಟ್ಟಲು ಸಾಕು, ಖಾಯಂ ಅಲ್ಲ. 2.4 ವೋಲ್ಟ್ ಅಲ್ಲೇ ಬೀಳುತ್ತಿದೆ. 5 ಆಂಪಿಯರ್ ಹೋಗುತ್ತಿದೆ ಅಂದುಕೊಂಡರೂ 12 ವಾಟ್ ಬಿಸಿ ಆ ಪುಟ್ಟ ಕ್ಲಿಪ್‌ನಲ್ಲೇ ಹುಟ್ಟುತ್ತದೆ. ಮೇಲಿಂದ ನಮ್ಮ ವಿಜಯಪುರದ ಬಿಸಿಲು, ಪಕ್ಕದಲ್ಲಿ ಇಂಜಿನ್. ಹೀಗೆ ಕಾದ ಕ್ಲಿಪ್‌ನ ಸ್ಪ್ರಿಂಗ್ ಸತ್ತಿರುತ್ತದೆ. ಒತ್ತಿದರೂ ಮತ್ತೆ ಸಡಿಲವಾಗುತ್ತದೆ. ಹೊಸ ರಿಲೇ ಹಾಕಿದರೂ ಗುಣವಾಗದ್ದು ಇದಕ್ಕೇ.

ಬ್ಯಾಟರಿ ಮೈನಸ್ ಬಿಚ್ಚಿ. ಆ ಒಂದು ಕ್ಲಿಪ್ (ಟರ್ಮಿನಲ್) ಹೊರತೆಗೆದು, ಅದೇ ಅಳತೆಯ ಹೊಸದನ್ನು ವೈರಿಗೆ ಒತ್ತಿ ಕೂರಿಸಿ ಕ್ರಿಂಪ್ ಮಾಡಿಸಿ. ವೈರಿನ ತುದಿ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸಿ. ಉದ್ದ ಸಾಲದಿದ್ದರೆ ಅಷ್ಟೇ ದಪ್ಪದ ವೈರ್ ಜೋಡಿಸಿ. ತೆಳ್ಳಗಿನ ವೈರ್ ಬೇಡವೇ ಬೇಡ. ಪ್ಲಾಸ್ಟಿಕ್ ಕರಗಿ ಟರ್ಮಿನಲ್ ಲಾಕ್ ಕೂರದಿದ್ದರೆ, ವೈರ್ ಸಮೇತ ಬರುವ ಬಿಡಿ ರಿಲೇ ಸಾಕೆಟ್ ಅಂಗಡಿಯಲ್ಲಿ ಸಿಗುತ್ತದೆ. ಅದರ ವೈರ್ ದಪ್ಪ ಇದೆಯಾ ನೋಡಿಕೊಂಡು ತನ್ನಿ. ಬಿಸಿಯಲ್ಲಿ ಕೂತ ಆ ರಿಲೇಯ 30ರ ಕಾಲು ನೀಲಿ ತಿರುಗಿದ್ದರೆ ಅದನ್ನೂ ಬದಲಿಸಿ. ಇಲ್ಲದಿದ್ದರೆ ಹೊಸ ಕ್ಲಿಪ್ ಕೂಡ ಹಾಳಾಗುತ್ತದೆ. ಕೆಲಸ ಮುಗಿದ ಮೇಲೆ ಬಿಸಿ ಗಾಡಿಯಲ್ಲಿ ಮತ್ತೆ 30–87 ಅಳೆಯಿರಿ. 0.1ರ ಹತ್ತಿರ ಬಂದರೆ ಕೋಡ್ ಅಳಿಸಿ ಓಡಿಸಿ.

ಪ್ರಶ್ನೆ ಕೇಳಿದವರು:

ಆಯಿತು ಅಣ್ಣಾರೆ, ನಾಳೆಯೇ ಮಾಡಿಸುತ್ತೇನೆ. ಬಿಚ್ಚಿದ ಹಳೆ ಕ್ರ್ಯಾಂಕ್ ಸೆನ್ಸರ್ ಮಿಸ್ತ್ರಿ ಹತ್ತಿರವೇ ಇದೆ. ಅದನ್ನು ಏನು ಮಾಡಲಿ?

ಉತ್ತರ:

ಇಸಿದುಕೊಂಡು ಬನ್ನಿ. ಅದು ಚೆನ್ನಾಗಿಯೇ ಇರಬೇಕು. ಬಟ್ಟೆಯಲ್ಲಿ ಸುತ್ತಿ ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಸ್ಪೇರ್ ಅಂತ ಇಟ್ಟುಕೊಳ್ಳಿ.