ಗೆದ್ದ ಮೇಲೆ ಎದೆ ಡವಡವ ಅನ್ನತ್ತೆ, ಹೀಗಾದವರು ಇದ್ದೀರಾ?

ಕೇಳಿದ್ದು, ಶಿವಮೊಗ್ಗದಿಂದ:
ನಾಲ್ಕು ವರ್ಷ ಓದಿ, ಎರಡು ಸಲ ಸೋತು, ಈಗ ಹೈಸ್ಕೂಲ್ ಟೀಚರ್ ಹುದ್ದೆಗೆ ಆರ್ಡರ್ ಬಂದಿದೆ. ಹತ್ತು ದಿನ ಆಯ್ತು, ಅಮ್ಮನಿಗೂ ಹೇಳಿಲ್ಲ. ಆರ್ಡರ್ ಬೀರುವಿನಲ್ಲಿ ಸೀರೆ ಕೆಳಗಿದೆ. ಎಸ್‌ಎಸ್‌ಎಲ್‌ಸಿಯಲ್ಲಿ ಶಾಲೆಗೇ ಮೊದಲು ಬಂದಾಗ ಪೇಡೆ ತರ್ತೀನಿ ಅಂತ ಹೋದ ಅಪ್ಪ ಆಕ್ಸಿಡೆಂಟಲ್ಲಿ ತೀರಿಕೊಂಡರು. ಅವತ್ತಿಂದ ಖುಷಿ ಆದ್ರೆ ಸಾಕು, ಮುಂದೇನೋ ಕಾದಿದೆ ಅನ್ಸತ್ತೆ. ನೀವು ಹೇಗೆ ದಾಟಿದಿರಿ?

ಹೊಸನಗರದಿಂದ:
ತಂಗಿ, ನಂದು ಎರಡು ಎಕರೆ ಅಡಿಕೆ ತೋಟ. ಒಂದು ವರ್ಷ ಫಸಲೂ ಬಂತು, ರೇಟೂ ಬಂತು. ಅವೆರಡೂ ಒಟ್ಟಿಗೆ ಬರೋದೇ ಅಪರೂಪ. ಸಾಲ ತೀರಿತು. ಆದ್ರೆ ನಾನು ವರ್ಷ ಪೂರ್ತಿ ಮುಂದಿನ ಮಳೆಗಾಲದ ಕೊಳೆರೋಗ ನೆನೆಸ್ಕೊಂಡೇ ಕಳೆದೆ. ಹೆಂಡತಿ ಬಳೆ ಮಾಡಿಸೋಣ ಅಂದಿದ್ದಕ್ಕೆ ರೇಗಿದೆ. ಮುಂದಿನ ವರ್ಷ ಕೊಳೆ ಬಂದೇ ಬಂತು. ಖುಷಿಪಟ್ಟಿದ್ದಕ್ಕೆ ಬಂತು ಅನ್ನೋ ಹಾಗೂ ಇಲ್ಲ, ನಾನು ಪಟ್ಟೇ ಇರಲಿಲ್ಲವಲ್ಲ!

ಈಗ ಹೆದರಿಕೆಗೆ ಕೆಲಸ ಕೊಡ್ತೀನಿ. ಮಳೆ ಹಿಡಿಯೋ ಮೊದಲು, ಕೊಳೆ ತಡೆಯೋಕೆ ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಹೊಡಿತೀನಿ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನ ಸುಣ್ಣದ ನೀರಿಗೆ ಹೊಯ್ಯೋದು. ಕಬ್ಬಿಣದ ಚಾಕು ಅದ್ದಿ ನೋಡ್ತೀನಿ, ಅಲಗಿಗೆ ಕೆಂಪು ಕೂತರೆ ಸುಣ್ಣ ಸಾಲದು. 40-45 ದಿನಕ್ಕೆ ಇನ್ನೊಂದು ಸಲ. ಅಷ್ಟಾದ ಮೇಲೂ ಮಳೆ ಬಿಡದೆ ಹೊಯ್ದರೆ ಕೊಳೆ ಬರಬಹುದು. ಆದ್ರೆ ರಾತ್ರಿ ಎದ್ದು ಕೂತು ಮಾಡೋ ಕೆಲಸ ಏನೂ ಉಳಿದಿರಲ್ಲ. ನೀವೂ ಜಾಯ್ನಿಂಗ್ ತಾರೀಖು ನೋಡಿಕೊಳ್ಳಿ ಮೊದಲು. ಸೀರೆ ಕೆಳಗೇ ಇಟ್ಟು ಮೀರಿಸ್ಕೊಂಡೀರಿ ಮತ್ತೆ!

ಸಾಗರದಿಂದ:
ಅಮ್ಮನಿಗೆ ಹೇಳು ಮಾರಾಯ್ತಿ. ಇವತ್ತೇ.

ತೀರ್ಥಹಳ್ಳಿಯಿಂದ:
"ಜಾಸ್ತಿ ನಗಬೇಡಿ, ಆಮೇಲೆ ಅಳಬೇಕಾಗತ್ತೆ" ಅಂತ ನಮ್ಮಜ್ಜಿ ಹೇಳ್ತಾನೇ ಇರ್ತಿದ್ದರು. ನನ್ನ ಹೆದರಿಕೆಯ ಬೇರು ಅಲ್ಲೇ ಇರಬೇಕು. ಆದ್ರೆ ಅದೇ ಅಜ್ಜಿ ಉಪ್ಪು, ಸಾಸಿವೆ, ಒಣಮೆಣಸು ನಿವಾಳಿಸಿ ಒಲೆಗೆ ಹಾಕಿ, ಕೈ ತೊಳೆದು, ಎಲ್ಲರಿಗಿಂತ ಒಂದು ಕಡುಬು ಜಾಸ್ತಿಯೇ ತಿನ್ನೋರು. ನಾವು ಮಾತು ಮಾತ್ರ ಹಿಡಿದುಕೊಂಡ್ವಿ, ಕಡುಬು ಬಿಟ್ವಿ.

ಭದ್ರಾವತಿಯಿಂದ:
ತೋಟದ ಲೆಕ್ಕ ಸರಿ, ಆದ್ರೆ ಇವರದ್ದು ಅಪ್ಪನ್ನ ಕಳಕೊಂಡ ದುಃಖ, ಅದಕ್ಕೆ ಬೋರ್ಡೋ ಸಾಲದು ಅಣ್ಣ. ನನಗೆ ಹೆರಿಗೆ ಆದ ವಾರವೇ ಅಣ್ಣ ಹೋದ. ಮಗುವಿನ ಪ್ರತಿ ಹುಟ್ಟುಹಬ್ಬಕ್ಕೂ ಕೈ ನಡುಗೋದು. ಕೌನ್ಸೆಲರ್ ಹತ್ರ ಹೋದೆ. ಎರಡೂ ಒಟ್ಟಿಗೆ ಆಗಿದ್ದಕ್ಕೆ ಮನಸ್ಸು ಗಂಟು ಹಾಕ್ಕೊಂಡಿದೆ, ಸಣ್ಣ ಸಣ್ಣ ಖುಷಿಯಿಂದ ಬಿಚ್ಚೋಣ ಅಂದರು. ಮೊದಲ ವಾರ ನನಗೆ ಕೊಟ್ಟ ಕೆಲಸ ಅಂದ್ರೆ, ಕಾಫಿ ಮುಗಿಯೋವರೆಗೆ ಫೋನ್ ನೋಡಬಾರದು. ನಗು ಬಂತು, ಆದ್ರೆ ಕಷ್ಟ ಇತ್ತು. ನಿದ್ದೆ ಹೋಗಿದ್ರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರಲ್ಲಿ ಶುರುವಾಗಿದ್ದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ರಾತ್ರಿಯೂ ಇರ್ತಾರೆ.

ಮತ್ತೆ ಶಿವಮೊಗ್ಗದಿಂದ, ಮೂರು ದಿನ ಬಿಟ್ಟು:
ಹೇಳಿದೆ. ಅಮ್ಮ ಮೊದಲು ಕೇಳಿದ್ದು, "ಯಾವ ಊರಿಗೆ ಹಾಕಿದಾರೆ?" ಸೊರಬದ ಕಡೆ ಅಂದೆ. ಆಮೇಲೆ ಇಬ್ಬರೂ ಅತ್ತ್ವಿ. ಆರ್ಡರನ್ನ ಅಪ್ಪನ ಫೋಟೋ ಮುಂದೆ ಇಟ್ಟು ಪಾಯಸ ಮಾಡಿದ್ವಿ. ಕುಡಿಯೋವಾಗ ಫೋನ್ ರಿಂಗಾಯ್ತು, ಎದೆ ಬಾಯಿಗೆ ಬಂತು. ಗ್ಯಾಸಿನವನು, ಮನೇಲಿ ಇದ್ದೀರಾ ಅಂತ. ಇದ್ದೀವಿ ಅಂದು ಇನ್ನೊಂದು ಲೋಟ ಹಾಕಿಸಿಕೊಂಡೆ. ಬೆಲ್ಲ ಸ್ವಲ್ಪ ಜಾಸ್ತಿ ಆಗಿತ್ತು.