ಹಂತ 2 ಪರೀಕ್ಷೆ: ಸಿಡಿಸಿಸಿಎಲ್ ಮತ್ತು ಟ್ಯಾಂಕ್ ಎಂಟ್ರಿ ಬಗ್ಗೆ ಅನುಮಾನಗಳು

ಹೊಸಬ_ಬಿ1
ನಮಸ್ಕಾರ. ಮುಂದಿನ ವಾರ ವಿಮಾನದ ಫ್ಯುಯೆಲ್ ಟ್ಯಾಂಕ್ ಸೇಫ್ಟಿ ತರಬೇತಿಯ ಹಂತ 2 ಪರೀಕ್ಷೆ ಇದೆ. ಟ್ಯಾಂಕಿನ ಹೊರಗಿರುವ ಬರೀ ಒಂದು ವೈರ್ ಕ್ಲಾಂಪ್ ಬದಲಿಸುವ ಕೆಲಸಕ್ಕೂ ಜಾಬ್ ಕಾರ್ಡಿನಲ್ಲಿ ಸಿಡಿಸಿಸಿಎಲ್ (ಟ್ಯಾಂಕ್ ಸುರಕ್ಷತೆಗಾಗಿ ಬದಲಿಸಬಾರದ ವಿನ್ಯಾಸದ ಅಂಶ) ಅಂತ ಯಾಕಿರುತ್ತೆ? ಗ್ಯಾಸ್ ಮೀಟರ್ ಎಲ್‌ಇಎಲ್ (ಆವಿ ಹೊತ್ತಿಕೊಳ್ಳೋ ಕನಿಷ್ಠ ಮಟ್ಟದ ಎಷ್ಟು ಶೇಕಡಾ ಇದೆ ಅನ್ನೋ ಓದಿ) ಸೊನ್ನೆ ಅಂತ ತೋರಿಸ್ತಿದ್ರೂ ಮೊದಲು ಆಕ್ಸಿಜನ್ ನೋಡು ಅಂತಾರಲ್ಲ, ಅದ್ಯಾಕೆ? ಪ್ಲಾನಿಂಗ್‌ನವರಿಗೂ ಹಂತ 2 ಬೇಕಾ?

ತಂತಿ_ತಜ್ಞ
ಕ್ಲಾಂಪಿನ ಪ್ರಶ್ನೆಯಲ್ಲೇ ಇಡೀ ಪಾಠ ಇದೆ. 1996ರ ಜುಲೈ 17ರಂದು ನ್ಯೂಯಾರ್ಕ್ ಬಳಿ ಟಿಡಬ್ಲ್ಯೂಎ 800, ಬೋಯಿಂಗ್ 747, ಆಕಾಶದಲ್ಲೇ ಸಿಡಿಯಿತು. 230 ಜನ ಸತ್ತರು. ಬಹುತೇಕ ಖಾಲಿಯಿದ್ದ ಸೆಂಟರ್ ಟ್ಯಾಂಕಿನ ಅಡಿಯಲ್ಲೇ ಏಸಿ ಪ್ಯಾಕ್‌ಗಳಿದ್ದವು, ಅವುಗಳ ಶಾಖಕ್ಕೆ ಒಳಗಿನ ಆವಿ ಹೊತ್ತಿಕೊಳ್ಳುವ ಸ್ಥಿತಿಗೆ ಬಂದಿತ್ತು. ಕಿಡಿ ಹುಟ್ಟಿದ್ದು ಟ್ಯಾಂಕಿನ ಇಂಧನ ಅಳೆಯುವ ಫ್ಯುಯೆಲ್ ಕ್ವಾಂಟಿಟಿ ವೈರಿಂಗಿನಿಂದ. ಆ ವೈರ್ ತಾನಾಗಿ ಒಯ್ಯುವ ಶಕ್ತಿ ತೀರಾ ಕಡಿಮೆ. ಪಕ್ಕದ ಹೆಚ್ಚು ವೋಲ್ಟೇಜಿನ ವೈರಿನ ಇನ್ಸುಲೇಶನ್ ಸವೆದು ಇದಕ್ಕೆ ತಗುಲಿದರೆ ಮಾತ್ರ ಆಪತ್ತು. ಇಂಧನ ಆವಿ ಹೊತ್ತಲು 0.2 ಮಿಲಿಜೌಲ್ ಆಸುಪಾಸಿನ ಕಿಡಿ ಸಾಕು.

ಅಂದಮೇಲೆ ಆ ಎರಡು ವೈರ್‌ಗಳನ್ನು ದೂರ ಇಟ್ಟಿರುವುದು ನಿಮ್ಮ ಕ್ಲಾಂಪೇ. ಒಂದು ಸೈಜ್ ದೊಡ್ಡದು ಹಾಕಿದರೆ ಹಾರ್ನೆಸ್ (ವೈರ್‌ಗಳ ಕಟ್ಟು) ಒಳಗೇ ಜಾರುತ್ತಾ ಉಜ್ಜುತ್ತದೆ. ಕ್ಲಾಂಪಿನ ಬದಲು ಟೈ ಬಿಗಿಯುವುದು, ಸ್ಲೀವ್ ಬಿಟ್ಟುಬಿಡುವುದು, ಶೀಲ್ಡ್ ಇಲ್ಲದ ಅದೇ ಗೇಜಿನ ವೈರ್ ಎಳೆಯುವುದು, ಇವೆಲ್ಲ ಬೇರೆ ಕಡೆ ಸಣ್ಣ ತಪ್ಪು. ಇಲ್ಲಿ ಅಲ್ಲ. ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ 2001ರಲ್ಲಿ ತಂದ ಎಸ್‌ಎಫ್‌ಎಆರ್ 88 ಎಂಬ ನಿಯಮದ ಫಲವಾಗಿಯೇ ಈ ಸಿಡಿಸಿಸಿಎಲ್‌ಗಳು ಬಂದಿದ್ದು.

ಟ್ಯಾಂಕ್_ರೆಕ್ಕೆ
ಮೀಟರ್ ವಿಷಯಕ್ಕೆ ಬರ್ತೀನಿ. ಸಾಮಾನ್ಯ ಎಲ್‌ಇಎಲ್ ಸೆನ್ಸರ್ ಒಳಗೆ ಬಿಸಿ ಮಣಿಯೊಂದಿರುತ್ತೆ. ಅದರ ಮೇಲೆ ಆವಿ ಉರಿದಾಗ ಏರುವ ಶಾಖವನ್ನೇ ಅದು ಅಳೆಯೋದು. ಉರಿಯೋಕೆ ಆಕ್ಸಿಜನ್ ಬೇಕಲ್ಲ! ನೈಟ್ರೋಜನ್ ತುಂಬಿಸುವ ವ್ಯವಸ್ಥೆ ಇರೋ ವಿಮಾನದಲ್ಲಿ ಟ್ಯಾಂಕ್ ಒಳಗಿನ ಆಕ್ಸಿಜನ್ 12 ಶೇಕಡಾಕ್ಕೂ ಕೆಳಗಿರಬಹುದು. ಆಗ ಮೀಟರ್ ಕಡಿಮೆ ತೋರಿಸುತ್ತೆ, ಇಳಿದವನು ವಾಸನೆಯೇ ಇಲ್ಲದ ಗಾಳಿಯಲ್ಲಿ ಎಚ್ಚರ ತಪ್ಪಿ ಬೀಳ್ತಾನೆ. ಆಕ್ಸಿಜನ್ 19.5ರಿಂದ 23.5 ಶೇಕಡಾ ಒಳಗಿದೆ ಅಂತ ಖಾತ್ರಿಯಾದ ಮೇಲಷ್ಟೇ ಎಲ್‌ಇಎಲ್ ಓದಿಗೆ ಅರ್ಥ. ಆ ಎಲ್‌ಇಎಲ್ ಓದಿ 10 ಶೇಕಡಾಕ್ಕಿಂತ ಕಡಿಮೆ ಇದ್ದರೆ ಇಳಿಯಿರಿ.

ಇನ್ನೊಂದು ಮೋಸ: ಸೀಮೆಎಣ್ಣೆ ಜಾತಿಯ ಭಾರೀ ಆವಿ ಸ್ಯಾಂಪಲ್ ಹೋಸಿನೊಳಗೇ ತಣಿದು ಅಂಟಿಕೊಳ್ಳುತ್ತೆ. ಉದ್ದ ಹೋಸ್ ಹಾಕಿದ್ರೆ ಅದರ ತುದಿಯಿಂದ ಗಾಳಿ ಮೀಟರ್ ಮುಟ್ಟೋವರೆಗೆ ಕಾಯಿರಿ. ಸ್ಟ್ರಿಂಗರ್ (ರೆಕ್ಕೆಯೊಳಗಿನ ಉದ್ದುದ್ದ ಲೋಹದ ಪಟ್ಟಿ) ಸಂದಿಯಲ್ಲಿ ಉಳಿದ ಇಂಧನ ಕಾಲಿಟ್ಟಾಗ ಕದಡಿ ಓದಿ ಮೇಲೇರುತ್ತೆ, ಹಾಗಾಗಿ ಬಾಗಿಲಲ್ಲಿ ಒಮ್ಮೆ ನೋಡಿ ಮೀಟರ್ ಎತ್ತಿಡಬೇಡಿ. ಒಳಗೆ ಹೋಗೋರಿಗೆ ಹತ್ತಿಯ ಬಟ್ಟೆ, ಸ್ಫೋಟ ನಿರೋಧಕ ದೀಪ. ಜೇಬಿನಲ್ಲಿ ಫೋನ್ ಬೇಡವೇ ಬೇಡ. ಹೊರಗೆ ನಿಂತಿರೋ ಕಾವಲಿನವರು ಒಳಗಿನವರು ಬಿದ್ದರೂ ತಾವು ನುಗ್ಗಬಾರದು, ಕೂಗಿ ರಕ್ಷಣಾ ತಂಡ ಕರೆಸಬೇಕು.

ಕಾರ್ಡ್_ಕಾವಲು
@ತಂತಿ_ತಜ್ಞ ಸರ್, ಒಂದು ತಿದ್ದುಪಡಿ. ಕಿಡಿಯ ಮೂಲವನ್ನು ಅಪಘಾತದ ತನಿಖೆ ಮಾಡಿದ ಅಮೆರಿಕದ ಎನ್‌ಟಿಎಸ್‌ಬಿ ಖಚಿತವಾಗಿ ಗುರುತಿಸಲಿಲ್ಲ, ಟ್ಯಾಂಕಿನ ಹೊರಗಿನ ಶಾರ್ಟ್ ಸರ್ಕ್ಯೂಟ್ ಹೆಚ್ಚು ಸಂಭವನೀಯ ಎಂದಿತು. ಪರೀಕ್ಷೆಯಲ್ಲಿ ಹಾಗೇ ಬರೆಯಿರಿ.

ಪ್ಲಾನಿಂಗ್‌ನವರಿಗೆ ಹಂತ 2 ಬೇಕು. ಯುರೋಪಿನ ವಿಮಾನಯಾನ ಸುರಕ್ಷತಾ ಸಂಸ್ಥೆ ಇಎಎಸ್‌ಎ ಪಟ್ಟಿಯಲ್ಲಿ ನಿರ್ವಹಣಾ ಮೇಲಧಿಕಾರಿಗಳಿಗೆ, ಕ್ವಾಲಿಟಿಯವರಿಗೆ ಹಂತ 1 ಸಾಕು. ಕೆಲಸ ಯೋಜಿಸುವ, ಮಾಡುವ, ನೋಡಿಕೊಳ್ಳುವ, ಪರಿಶೀಲಿಸುವ, ಸಹಿ ಹಾಕುವ ಎಲ್ಲರಿಗೂ ಎರಡೂ ಬೇಕು, ಆಮೇಲೆ ಎರಡು ವರ್ಷಕ್ಕೊಮ್ಮೆ ಮರುತರಬೇತಿ. ಮ್ಯಾನುಯಲ್‌ನಿಂದ ಸ್ವಂತ ಕಾರ್ಡಿಗೆ ಇಳಿಸುವಾಗ ಸಿಡಿಸಿಸಿಎಲ್ ಗುರುತು ಬಿಟ್ಟುಹೋಗುವುದು ಪ್ಲಾನಿಂಗ್ ಮೇಜಿನ ಮೇಲೇ. ಆಮೇಲೆ ಹ್ಯಾಂಗರಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಹೊಸಬ_ಬಿ1
ಎಲ್ಲರಿಗೂ ಧನ್ಯವಾದ. ಮಾದರಿ ಪ್ರಶ್ನೆಪತ್ರಿಕೆಯಲ್ಲಿ ಇನ್ನೊಂದಿದೆ: ಪಂಪ್ ಕೂರಿಸಿದ ಮೇಲೆ ಬಾಂಡಿಂಗ್ (ಪಂಪಿಗೂ ವಿಮಾನದ ಲೋಹಕ್ಕೂ ನಡುವಿನ ವಿದ್ಯುತ್ ಸಂಪರ್ಕ) ರೋಧ 14 ಮಿಲಿಓಮ್ ಬಂತು, ಮಿತಿ 10. ಹೆಚ್ಚುವರಿ ಜಂಪರ್ (ಎರಡನ್ನೂ ಜೋಡಿಸೋ ವೈರ್) ಹಾಕಬಹುದಾ?

ತಂತಿ_ತಜ್ಞ
ಮ್ಯಾನುಯಲ್‌ನಲ್ಲಿ ಇಲ್ಲದ ಜಂಪರ್ ಹಾಕಿದರೆ ನೀವೇ ಡಿಸೈನ್ ಬದಲಿಸಿದಂತೆ. ಮೊದಲು ಮೀಟರ್ ನೋಡಿ. ಮಾಮೂಲಿ ಮಲ್ಟಿಮೀಟರಿನ ಲೀಡ್‌ಗಳ ರೋಧವೇ ಇದಕ್ಕಿಂತ ಹೆಚ್ಚು, ನಾಲ್ಕು ವೈರಿನ ಮಿಲಿಓಮ್ ಮೀಟರ್ ಬೇಕು, ಅದೂ ಟ್ಯಾಂಕ್ ಕೆಲಸಕ್ಕೆ ಒಪ್ಪಿಗೆ ಇರುವಂಥದ್ದು. ಓದಿ ಸರಿಯಿದ್ದರೆ ಪಂಪ್ ಬಿಚ್ಚಿ ಕೂರುವ ಮೇಲ್ಮೈ ನೋಡಿ. ಸಾಮಾನ್ಯವಾಗಿ ಹಳೇ ಸೀಲಂಟ್ ಅಥವಾ ಪ್ರೈಮರ್ ತೆಳ್ಳಗೆ ಉಳಿದಿರುತ್ತದೆ. ಮ್ಯಾನುಯಲ್ ಹೇಳಿದ ರೀತಿ ಲೋಹ ಕಾಣುವವರೆಗೆ ಶುಚಿ ಮಾಡಿ, ಕೂರಿಸಿ, ಸೀಲಂಟ್ ಹಚ್ಚುವ ಮೊದಲೇ ಮತ್ತೆ ಅಳೆಯಿರಿ. ಹಚ್ಚಿದ ಮೇಲೆ ಅಳೆದು ತಪ್ಪು ಬಂದರೆ ಕೆರೆಯುವ ಕೆಲಸ ನಿಮ್ಮದೇ.