ಜಪಸರ ಹಿಡಿದರೆ ನಿದ್ದೆ ಬರುತ್ತೆ. ದೇವರಿಗೆ ಹೊತ್ತು ಹೇಗೆ ಮಾಡ್ಕೊಳ್ತೀರಿ?

ಹಾಸನದಿಂದ ಕೇಳ್ತಿದ್ದೀನಿ. ಗಾರ್ಮೆಂಟ್ಸ್‌ನಲ್ಲಿ ಕೆಲಸ, ಬೆಳಿಗ್ಗೆ ಏಳೂಕಾಲಿಗೆ ಗಾಡಿ ಬರುತ್ತೆ. ಎರಡು ಮಕ್ಕಳು, ಹಾಸಿಗೆ ಹಿಡಿದ ಅತ್ತೆ. ರಾತ್ರಿ ಹತ್ತಕ್ಕೆ ಜಪಸರ ಹಿಡಿದರೆ ಅದರ ಐದು ಭಾಗಗಳಲ್ಲಿ, ಅಂದ್ರೆ ರಹಸ್ಯಗಳಲ್ಲಿ, ಎರಡನೇದು ಮುಗಿಯೋ ಮೊದಲೇ ಕಣ್ಣು ಮುಚ್ಚುತ್ತೆ. ಚರ್ಚಿನಲ್ಲಿ ಭಾನುವಾರದ ಪೂಜೆ ತಪ್ಪಿಸಲ್ಲ. ಆದ್ರೆ ಮದುವೆಗೆ ಮುಂಚೆ ದೇವರ ಹತ್ರ ಕೂತು ಮಾತಾಡ್ತಿದ್ನಲ್ಲ, ಆ ಸಲಿಗೆ ಹೋಗಿಬಿಟ್ಟಿದೆ. ಉಪದೇಶ ಬೇಡ, ನೀವು ಮಾಡಿ ನೋಡಿದ್ದನ್ನು ಹೇಳಿ.

ಚಿಕ್ಕಮಗಳೂರು, ನರ್ಸ್:

ಮೊದಲು ನಿದ್ದೆ ಮಾಡಿ ತಂಗಿ. ಬೈಬಲಿನಲ್ಲಿ ಪ್ರವಾದಿ ಎಲೀಯ ಸಾಕಾಗಿ ಗಿಡದ ಕೆಳಗೆ ಮಲಗಿದಾಗ ದೇವದೂತ ಬೈಯಲಿಲ್ಲ. ರೊಟ್ಟಿ, ನೀರು ಕೊಟ್ಟ, ಮತ್ತೆ ಮಲಗೋಕೆ ಬಿಟ್ಟ, ಎರಡನೇ ಸಲ ಎಬ್ಬಿಸಿ ಮತ್ತೆ ಉಣ್ಣಿಸಿದ. ದೇವರ ಮೆಲುದನಿ ಅವನಿಗೆ ಕೇಳಿಸಿದ್ದು ಅದೆಲ್ಲ ಆದಮೇಲೆ. ಒಂದನೇ ಅರಸುಗಳು 19ನೇ ಅಧ್ಯಾಯ ಓದಿ ನೋಡಿ.

ನಾನೂ ನಾಲ್ಕು ಗಂಟೆಗೆ ಏಳ್ತೀನಿ ಅಂತ ಹಟ ಹಿಡಿದಿದ್ದೆ. ಮೂರು ವಾರಕ್ಕೆ ಡ್ಯೂಟಿಯಲ್ಲಿ ತಲೆ ತಿರುಗಿ ಕೂತೆ. ಆಮೇಲೆ ದಾರಿ ಸಿಕ್ಕಿದ್ದು ಬಿಪಿ ನೋಡೋವಾಗ. ಪಟ್ಟಿ ಕಟ್ಟಿ, ಸ್ಟೆತಸ್ಕೋಪ್ ಕಿವಿಗಿಟ್ಟು, ಗಾಳಿ ಇಳಿಸೋ ಆ ಅರ್ಧ ನಿಮಿಷ ಯಾರೂ ನನ್ನನ್ನು ಮಾತಾಡಿಸಲ್ಲ. ಎಣಿಕೆ ಬರೆದುಕೊಂಡು, ಪಟ್ಟಿ ಬಿಚ್ಚುತ್ತಾ ಮನಸ್ಸಲ್ಲೇ ‘ಸ್ವಾಮಿ, ಇವರು’ ಅಂತೀನಿ. ಅಷ್ಟೇ. ಒಂದು ರೌಂಡಿಗೆ ಇಪ್ಪತ್ತು ಸಲ ಆಗುತ್ತೆ.

ಆದ್ರೆ ಒಂದು ಎಚ್ಚರಿಕೆ. ‘ನನ್ನ ಕೆಲಸವೇ ಪ್ರಾರ್ಥನೆ’ ಅಂದ್ಕೊಂಡು ಎರಡು ವರ್ಷ ಸುಮ್ಮನೆ ಕೂರೋದನ್ನೇ ಬಿಟ್ಟಿದ್ದೆ. ಆಗಲೇ ಒಳಗೆ ಒಣಗಿದ್ದು. ಒಂದೇ ಮನೇಲಿದ್ದು ದಿನವಿಡೀ ಕೆಲಸದ ಮಾತು ಮಾತ್ರ ಆಡೋ ಗಂಡಹೆಂಡಿರ ಹಾಗೆ. ಈಗ ರಜೆಯ ದಿನ ಕಥೀಡ್ರಲ್‌ಗೆ ಹೋಗಿ ಹಿಂದಿನ ಬೆಂಚಿನಲ್ಲಿ ಅರ್ಧ ಗಂಟೆ ಕೂರ್ತೀನಿ. ಪುಸ್ತಕ ಒಯ್ಯಲ್ಲ, ಕೋರಿಕೆನೂ ಇಡಲ್ಲ. ಫೋನ್ ಸ್ಕೂಟಿಯ ಡಿಕ್ಕಿಯಲ್ಲೇ ಇರುತ್ತೆ.

ಸಕಲೇಶಪುರ:

ನಮಗೆ ಕಾಫಿ ಕುಯ್ಲು ಶುರುವಾದ್ರೆ ಎರಡು ಮೂರು ತಿಂಗಳು ಉಸಿರಾಡೋಕೂ ಪುರುಸೊತ್ತಿಲ್ಲ. ಆಗ ಊಟದ ಮುಂಚಿನ ಪ್ರಾರ್ಥನೆ ಒಂದನ್ನೇ ನಿಧಾನವಾಗಿ ಮಾಡ್ತೀನಿ. ಮಳೆಗಾಲದಲ್ಲಿ ಕರೆಂಟು ಹೋದ ಸಂಜೆಗಳು ಇದ್ದೇ ಇರ್ತಾವೆ, ಆಗ ಇಡೀ ಜಪಸರ. ವರ್ಷಪೂರ್ತಿ ಒಂದೇ ಅಳತೆ ಬೇಕಿಲ್ಲ ಅನ್ನೋದು ನನ್ನ ಅನುಭವ.

ಹಾಸನ, ಅಜ್ಜಿಯ ಊರು ಶೆಟ್ಟಿಹಳ್ಳಿ:

ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಅರ್ಧ ಮುಳುಗಿ ನಿಲ್ಲುತ್ತಲ್ಲ, ಆ ಇಗರ್ಜಿ (ಚರ್ಚ್) ನಮ್ಮ ಅಜ್ಜಿಯದು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಈಗ ಜನ ಫೋಟೋ ತೆಗೆಯೋಕೆ ಬರ್ತಾರೆ. ಅಜ್ಜಿಗೆ ಅದು ಗಂಟೆ ಬಾರಿಸೋ ಜಾಗ. ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು. ಗಂಟೆ ಕೇಳಿದ್ರೆ ಗದ್ದೆಯಲ್ಲಿದ್ದವರೂ ನಿಂತು ತ್ರಿಕಾಲ ಪ್ರಾರ್ಥನೆ ಹೇಳ್ತಿದ್ರಂತೆ.

ಗೊರೂರು ಅಣೆಕಟ್ಟಿನ ನೀರಿಗೆ ಊರು ಬಿಟ್ಟು ಬಂದ ಮೇಲೆ ಅಜ್ಜಿಗೆ ಗಂಟೆ ಇಲ್ಲ. ಹಾಗಾಗಿ ಬೆಳಿಗ್ಗೆ ಒಲೆ ಹಚ್ಚೋವಾಗ, ಮಧ್ಯಾಹ್ನ ಅನ್ನ ಬಸಿಯೋವಾಗ, ಸಂಜೆ ದನ ಕೊಟ್ಟಿಗೆಗೆ ಬರೋವಾಗ ಹೇಳೋಕೆ ಶುರು ಮಾಡಿದ್ರು. ಸಾಯೋವರೆಗೂ ಬಿಡಲಿಲ್ಲ. ನಾನು ಹುಡುಗಿಯಾಗಿದ್ದಾಗ ಅಜ್ಜಿ ಸೌಟು ಹಿಡಿದೇ ಕಣ್ಣು ಮುಚ್ಚಿ ನಿಂತಿದ್ದನ್ನು ನೋಡಿದ್ದೀನಿ. ಈ ಪ್ರಾರ್ಥನೆಗೆ ಬೇಕಾದದ್ದು ಎರಡು ಮೂರು ನಿಮಿಷ, ಮರಿಯಮ್ಮನ ‘ನಮೋ ಮರಿಯ’ ಜಪ ಮೂರೇ ಸಲ. ನಿದ್ದೆ ಬರೋ ಹೊತ್ತಿನ ಐದು ರಹಸ್ಯಕ್ಕಿಂತ ನಿಮಗೆ ಇದು ಹೊಂದುತ್ತೆ ಅನ್ಸುತ್ತೆ. ಹೊಸದಾಗಿ ಹೊತ್ತು ಹುಡುಕಬೇಡಿ, ದಿನಾ ಹೇಗೂ ಮಾಡೋ ಒಂದು ಕೆಲಸಕ್ಕೆ ಗಂಟು ಹಾಕಿ.

ಹಾಸನ, ನಿವೃತ್ತ ಮೇಷ್ಟ್ರು:

ನಾವು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಪ್ರಾಟೆಸ್ಟಂಟರು, ನಮ್ಮಲ್ಲಿ ಜಪಸರ ಇಲ್ಲ. ನನಗೆ ಆಸರೆ ಬೈಬಲಿನ ಕೀರ್ತನೆಗಳು, ದಿನಕ್ಕೊಂದು, ಗಟ್ಟಿಯಾಗಿ ಓದ್ತೇನೆ. ದಣಿದ ದಿನ 117ನೇ ಕೀರ್ತನೆ, ಅದರಲ್ಲಿ ಇರೋದೇ ಎರಡು ವಚನ. ಮನೆಯವಳು ತೀರಿಕೊಂಡ ವರ್ಷ 13 ಮತ್ತು 88 ಬಿಟ್ಟು ಬೇರೆ ಓದೋಕೆ ಆಗಲಿಲ್ಲ. 88 ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಸಮಾಧಾನದ ಒಂದು ಸಾಲೂ ಇಲ್ಲ. ದೇವರ ಮೇಲೆ ನನಗಿದ್ದ ಸಿಟ್ಟನ್ನು ದೇವರ ಮುಂದೆಯೇ ಹೇಳೋಕೆ ಕಲಿಸಿದ್ದು ಅದು.

ಇನ್ನೊಂದು ಮಾತು. ಯೇಸುಸ್ವಾಮಿ ಇನ್ನೂ ಕತ್ತಲಿರುವಾಗಲೇ ಎದ್ದು ಪ್ರಾರ್ಥಿಸಿದರು ಅಂತ ಮಾರ್ಕನ ಸುವಾರ್ತೆ 1:35 ಎಲ್ಲರೂ ಹೇಳ್ತಾರೆ. ಮುಂದಿನ ಎರಡು ವಚನವನ್ನೂ ಓದಬೇಕು. ಶಿಷ್ಯ ಸೀಮೋನ ಹುಡುಕಿಕೊಂಡು ಬಂದು, ಎಲ್ಲರೂ ನಿಮ್ಮನ್ನು ಹುಡುಕ್ತಿದ್ದಾರೆ ಅಂತಾನೆ. ಅವರಿಗೂ ಅಡ್ಡಿ ತಪ್ಪಲಿಲ್ಲಮ್ಮ. ಮಗು ಎದ್ದು ಅತ್ತರೆ ಪ್ರಾರ್ಥನೆ ಕೆಟ್ಟಿತು ಅಂತ ಕೊರಗಬೇಡ.

ಕೇಳಿದವಳು, ಮೂರು ವಾರದ ನಂತರ:

ಎಲ್ಲರಿಗೂ ವಂದನೆ. ರಾತ್ರಿ ಜಪಸರ ಬಿಟ್ಟು ಮಲಗೋಕೆ ಮೊದಮೊದಲು ಪಾಪ ಮಾಡಿದ ಹಾಗೆ ಅನ್ನಿಸ್ತು, ಈಗ ಇಲ್ಲ. ಬೆಳಿಗ್ಗೆ ಆರಕ್ಕೆ ಅತ್ತೆಗೆ ಗಂಜಿ ಕುಡಿಸ್ತೀನಲ್ಲ, ಆಗ ತ್ರಿಕಾಲ ಪ್ರಾರ್ಥನೆ. ನಾನು ಅರ್ಧ ಹೇಳ್ತೀನಿ, ಅವರು ಅರ್ಧ. ಅವರಿಗೆ ಮಾತು ತೊದಲುತ್ತೆ, ಆದ್ರೆ ಒಂದು ಪದವೂ ಮರೆತಿಲ್ಲ. ಆಮೇಲೆ ಒಂದೆರಡು ನಿಮಿಷ ಅವರ ಬಾಯಿ ಒರೆಸ್ತಾ ದೇವರ ಹತ್ರ ಸುಮ್ಮನೆ ಮಾತಾಡ್ತೀನಿ, ಮುಂಚಿನ ಹಾಗೇ. ಎಲ್ಲ ದಿನ ಆಗಲ್ಲ. ಇವತ್ತು ಚಿಕ್ಕವನಿಗೆ ಜ್ವರ ಅಂತ ಮರೆತೇಬಿಟ್ಟಿದ್ದೆ. ಒಳಗಿಂದ ಅತ್ತೆನೇ ಶುರು ಮಾಡಿದ್ರು.